ಬೆರಳಿನ ಅಕ್ಷರಾಭ್ಯಾಸ

ಗಣಕಯಂತ್ರವಿಲ್ಲದ ಕಛೇರಿಯನ್ನಾಗಲಿ ಅಂಗಡಿಯನ್ನಾಗಲಿ ಇಂದು ನಮ್ಮ ನಾಡಿನಲ್ಲಿ ಕಾಣುವುದು ದುರ್ಲಭವಾಗಿದೆ. ಅರ್ಜಿ, ಪಹಣಿ, ಬಿಲ್ಲು, ತೀರ್ಪು, ಸುದ್ದಿ, ಮದುವೆಯ ಕರೆಯೋಲೆ, ಎಲ್ಲವೂ ಕೀಲಿಮಣೆಯ ಮೂಲಕವೇ ಹೊರಬರುತ್ತಿವೆ. ಹೀಗಿದ್ದರೂ ಆ ಕೀಲಿಮಣೆಯ ಮುಂದೆ ಕುಳಿತ ನಮ್ಮ ಬಾಂಧವರಲ್ಲಿ ಹೆಚ್ಚಿನವರು ಕೆರೆಯ ದಡದ ಕೊಕ್ಕರೆಯು ಮೀನಿಗೆ ಕಾದು ಕಾದು ಕುಕ್ಕುವಂತೆ, ಎರಡೇ ಬೆರಳುಗಳಿಂದ ಒಂದೊಂದೇ ಅಕ್ಷರವನ್ನು ಅರಸಿ ಕುಕ್ಕುತ್ತಿರುವ ದೃಶ್ಯವು ಎಲ್ಲೆಲ್ಲಿಯೂ ಕಾಣಬರುತ್ತದೆ. ಹತ್ತು ಬೆರಳುಗಳನ್ನೂ ಬಳಸಬಲ್ಲ ಕೆಲವರೇನೋ ಇದ್ದಾರೆ. ಆದರೆ ಅವರು ಆ ವಿದ್ಯೆಯನ್ನು ಕಲಿತಿರುವುದು ಇಂಗ್ಲೀಷಿನಲ್ಲಿ. ಕನ್ನಡದ ನಾಲ್ಕು ಪಂಕ್ತಿಗಳನ್ನು ಬರೆಯಬೇಕಾಗಿ ಬಂದೊಡನೆ ಅವರ ಕಣ್ಣು ಪರದೆಯಿಂದ ಕೀಲಿಗಳಿಗೆ ಇಳಿಯುತ್ತದೆ, ಬೆರಳು ತಡವರಿಸುತ್ತದೆ, ಕಡೆಗೆ "ಇದನ್ನು ಇಂಗ್ಲೀಷಿನಲ್ಲಿಯೇ ಕಳುಹಿಸಿಬಿಡೋಣ" ಎಂಬ ನಿರ್ಧಾರವಾಗುತ್ತದೆ. ಭಾಷೆಯ ಮೇಲಿನ ಅನಾದರದಿಂದ ಆಗುವುದಕ್ಕಿಂತ ಹೆಚ್ಚಿನ ಹಾನಿಯು ಬೆರಳಿನ ಈ ಅಸಹಾಯತೆಯಿಂದ ಕನ್ನಡಕ್ಕೆ ಆಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ. ವಿಷಯವು ಕ್ಷುಲ್ಲಕವೆಂದು ತೋರಿದರೂ ಅದನ್ನು ವಾಚಕರ ಮುಂದಿಡಲು ಇದೇ ಕಾರಣ.

ಟಚ್ ಟೈಪಿಂಗ್ ಎಂದು ಕರೆಯಲ್ಪಡುವ ವಿದ್ಯೆಯ ತತ್ತ್ವವು ಬಹಳ ಸರಳವಾದುದು. ಕೀಲಿಮಣೆಯ ನಡುಸಾಲಿನಲ್ಲಿ ಎರಡೂ ಕೈಗಳ ನಾಲ್ಕು ನಾಲ್ಕು ಬೆರಳುಗಳು ನೆಲೆಸುತ್ತವೆ. ಹೆಬ್ಬೆರಳುಗಳು ಪದಗಳ ನಡುವಿನ ತೆರಪಿನ ಕೀಲಿಯನ್ನು ನೋಡಿಕೊಳ್ಳುತ್ತವೆ. ಒಂದೊಂದು ಬೆರಳಿಗೂ ಇಂತಿಷ್ಟೇ ಕೀಲಿಗಳೆಂದು ಹಂಚಿಕೆಯಾಗಿರುತ್ತದೆ. ಬೆರಳು ಮೇಲಕ್ಕೋ ಕೆಳಕ್ಕೋ ಹೋಗಿ ತನ್ನ ಕೆಲಸವನ್ನು ಮುಗಿಸಿ ಮರಳಿ ಸ್ವಸ್ಥಾನಕ್ಕೆ ಬರಬೇಕು. ಆ ಸ್ವಸ್ಥಾನವನ್ನು ಕಣ್ಣಿನ ಸಹಾಯವಿಲ್ಲದೆ ಗುರುತಿಸಲೆಂದೇ ಇಂಗ್ಲೀಷಿನ ಎಫ್ ಮತ್ತು ಜೆ ಎಂಬ ಎರಡು ಕೀಲಿಗಳ ಮೇಲೆ ಸಣ್ಣದೊಂದು ಉಬ್ಬುಗೆರೆಯನ್ನು ಇಟ್ಟಿರುತ್ತಾರೆ. ದಿನವೂ ಗಣಕಯಂತ್ರವನ್ನು ಮುಟ್ಟುವವರಲ್ಲಿ ಎಷ್ಟು ಮಂದಿ ಆ ಗೆರೆಯನ್ನು ಗಮನಿಸಿದ್ದಾರೆಂದು ವಿಚಾರಿಸಿ ನೋಡಿದರೆ ವಾಚಕರಿಗೆ ವಿನೋದವಾದೀತು.

ಅಮೆರಿಕದ ಮಿಲ್ವಾಕೀ ನಗರದ ಶೋಲ್ಸ್ ಎಂಬಾತನು ತನ್ನ ಬೆರಳಚ್ಚು ಯಂತ್ರಕ್ಕೆ 1868ರಲ್ಲಿ ಸನ್ನದು ಪಡೆದನು. ಆ ಯಂತ್ರವು ಮಾರುಕಟ್ಟೆಗೆ ಬಂದ ಮೇಲೆಯೂ ಬಹುಕಾಲ ಜನರು ಅದನ್ನು ನೋಡಿಕೊಂಡೇ ಒತ್ತುತ್ತಿದ್ದರು. ಸಿನ್ಸಿನಾಟಿಯ ಲಾಂಗ್ಲಿ ಎಂಬ ಅಧ್ಯಾಪಿಕೆಯು ಎಲ್ಲ ಬೆರಳುಗಳನ್ನೂ ಬಳಸಬೇಕೆಂದು 1882ರಲ್ಲಿ ಪಾಠಪುಸ್ತಕ ಬರೆದಾಗ ಅನುಭವಸ್ಥರು ನಕ್ಕರಂತೆ. 1888ನೆಯ ಜುಲೈ 25ರಂದು ಅದೇ ಊರಿನಲ್ಲಿ ಒಂದು ಪಂದ್ಯವೇ ನಡೆಯಿತು. ಕೀಲಿಗಳ ಸ್ಥಾನವನ್ನೆಲ್ಲ ಕಂಠಪಾಠ ಮಾಡಿಕೊಂಡಿದ್ದ ಮೆಕ್‌ಗರಿನ್ ಎಂಬ ನ್ಯಾಯಾಲಯದ ಶೀಘ್ರಲಿಪಿಕಾರನು, ನೋಡಿಕೊಂಡು ಒತ್ತುತ್ತಿದ್ದ ಟ್ರಾಬ್ ಎಂಬ ಪ್ರಸಿದ್ಧನನ್ನು ನಿರಾಯಾಸವಾಗಿ ಸೋಲಿಸಿದನು. ನೋಡದೆ ಒತ್ತುವ ಕ್ರಮಕ್ಕೆ ಲೋಕದಲ್ಲಿ ಮನ್ನಣೆ ದೊರೆತುದು ಅಲ್ಲಿಂದೀಚೆಗೆ.

ಈ ವಿದ್ಯೆಯ ಜಾತಿಯು ನಮಗೆ ಹೊಸದೇನೂ ಅಲ್ಲ. ಮೊಳೆ ಜೋಡಿಸುತ್ತಿದ್ದ ಕಾಲದ ಅಚ್ಚುಕೂಟಗಳನ್ನು ನೋಡಿದವರಿಗೆ ಕಂಪೋಸಿಟರರ ಕೈಚಳಕವು ನೆನಪಿರಬಹುದು. ಕನ್ನಡದ ಅಕ್ಷರ, ಗುಣಿತ, ಒತ್ತುಗಳಿಗೆಲ್ಲ ನೂರಾರು ಮನೆಗಳಿದ್ದ ಆ ಮರದ ಕೇಸುಗಳ ಮುಂದೆ ನಿಂತು, ಎಡಗೈಯಲ್ಲಿ ಸ್ಟಿಕ್ಕನ್ನು ಹಿಡಿದು, ಕಣ್ಣನ್ನು ಹಸ್ತಪ್ರತಿಯ ಮೇಲೆ ನೆಟ್ಟು, ಬಲಗೈಯಿಂದ ಬೇಕಾದ ಮೊಳೆಯನ್ನೇ ಹೆಕ್ಕಿ ತರುತ್ತಿದ್ದ ಆ ಮಹನೀಯರಲ್ಲಿ ಅನೇಕರು ಶಾಲೆಯಲ್ಲಿ ಹೆಚ್ಚು ಓದಿದವರಾಗಿರಲಿಲ್ಲ. ಇಂಗ್ಲೀಷಿನ ಕೇಸಿಗಿಂತ ಕನ್ನಡದ ಕೇಸು ಎಷ್ಟೋ ಪಾಲು ಜಟಿಲವಾಗಿತ್ತು. ಆದರೂ "ಕನ್ನಡವು ಕಷ್ಟ, ಇಂಗ್ಲೀಷಿನಲ್ಲಿ ಜೋಡಿಸುತ್ತೇವೆ" ಎಂದು ಅವರಲ್ಲಿ ಒಬ್ಬರಾದರೂ ಹೇಳಿದ್ದನ್ನು ನಾವು ಕೇಳಿಲ್ಲ. ಇಂದು ಕನ್ನಡ ಬರೆಯುವವನಿಗೆ ಬೇಕಾದ ಕೀಲಿಗಳು ಮೂವತ್ತು ಚಿಲ್ಲರೆ. ಅಷ್ಟನ್ನು ಕಲಿಯಲು ಪದವೀಧರರು ಹಿಂಜರಿಯುತ್ತಿರುವುದು ಸೋಜಿಗವೇ ಸರಿ.

ಕನ್ನಡವನ್ನು ಯಂತ್ರಕ್ಕೆ ಹೊಂದಿಸಿದವರ ಶ್ರಮವನ್ನು ಇಲ್ಲಿ ನೆನೆಯದೆ ಮುಂದುವರಿಯಲಾಗದು. ತೊಂಬತ್ತರ ಸುಮಾರು ಚಿಹ್ನೆಗಳಿಗೆ ಮಾತ್ರ ಸ್ಥಳವಿದ್ದ ಹಳೆಯ ಬೆರಳಚ್ಚು ಯಂತ್ರದೊಳಕ್ಕೆ ನಮ್ಮ ಗುಣಿತಾಕ್ಷರಗಳನ್ನೂ ಒತ್ತುಗಳನ್ನೂ ಇಳಿಸುವುದು ಕೊಡದಲ್ಲಿ ಕೆರೆಯನ್ನು ತುಂಬಿದಂತಹ ಕೆಲಸ. ಅದಕ್ಕೊಂದು ಕ್ರಮವನ್ನು ರಚಿಸಿಕೊಟ್ಟವರು ಅನಂತ ಸುಬ್ಬರಾಯರು. ಅಕ್ಷರವು ಮುದ್ದಾಗಿ ಮೂಡದಿದ್ದರೂ ಅದು ಕನ್ನಡದ ಅಕ್ಷರವಾಗಿತ್ತು. ಸರ್ಕಾರದ ಟಪಾಲು ಅದರಿಂದಲೇ ಕನ್ನಡಕ್ಕೆ ತಿರುಗಿತು. ಗಣಕಯಂತ್ರದ ಕಾಲ ಬಂದಾಗ ಕಿನ್ನಿಕಂಬಳ ಪದ್ಮನಾಭರಾಯರು, ಎಂದರೆ ಎಲ್ಲರೂ ಬಲ್ಲ ಕೆ. ಪಿ. ರಾವ್ ಅವರು, ಕನ್ನಡದ ವರ್ಣಮಾಲೆಯನ್ನು ಇಂಗ್ಲೀಷಿನ ಇಪ್ಪತ್ತಾರು ಕೀಲಿಗಳ ಮೇಲೆಯೇ ಕೂಡಿಸಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವು ಬಳಸಿಕೊಂಡುದೂ, ನಮ್ಮ ರಾಜ್ಯ ಸರ್ಕಾರವು ಅಂಗೀಕರಿಸಿದುದೂ ಈ ವಿನ್ಯಾಸವನ್ನೇ.

ಈ ವಿನ್ಯಾಸದ ಸೊಗಸನ್ನು ಸ್ವಲ್ಪ ವಿವರಿಸಬೇಕು. ಅಲ್ಪಪ್ರಾಣಕ್ಕೆ ಬರಿಯ ಕೀಲಿ. ಮಹಾಪ್ರಾಣಕ್ಕೆ ಶಿಫ್ಟಿನೊಡನೆ ಅದೇ ಕೀಲಿ. ಹ್ರಸ್ವಕ್ಕೆ ಬರಿಯ ಕೀಲಿ. ದೀರ್ಘಕ್ಕೆ ಶಿಫ್ಟಿನೊಡನೆ ಅದೇ ಕೀಲಿ. ವ್ಯಂಜನದೊಳಗೆ ಅಕಾರವು ತಾನಾಗಿಯೇ ಅಡಗಿರುವುದು ನಮ್ಮ ಲಿಪಿಯ ಧರ್ಮವಾದ್ದರಿಂದ ಅದನ್ನು ಬೇರೆಯಾಗಿ ಒತ್ತಬೇಕಾದುದಿಲ್ಲ. ಒತ್ತಕ್ಷರವನ್ನು ಹೆಣೆಯುವ ಕೊಂಡಿಯು ಎಡಗೈಯ ತೋರುಬೆರಳಿನ ಕೆಳಗೆ, ಆ ಉಬ್ಬುಗೆರೆಯುಳ್ಳ ಎಫ್ ಕೀಲಿಯಲ್ಲಿಯೇ ಇದೆ. ದ್ವಿತ್ವವಿಲ್ಲದೆ ಒಂದು ಸಾಲೂ ಸಾಗದ ಭಾಷೆಗೆ ಅತ್ಯಂತ ಬಲವಾದ ಬೆರಳನ್ನು ಮೀಸಲಿಟ್ಟುದು ಬಲ್ಲವರ ಲಕ್ಷಣ. "ನಗರ" ಎಂದು ಬರೆಯಲು ಈ ಕ್ರಮದಲ್ಲಿ ಮೂರು ಒತ್ತು ಸಾಕು. ರೋಮನ್ ಅಕ್ಷರಗಳಲ್ಲಿ ಅದನ್ನೇ ಬರೆದು ಯಂತ್ರದಿಂದ ಕನ್ನಡಕ್ಕೆ ತಿರುಗಿಸುವವನಿಗೆ ಆರು ಬೇಕು. "ಕನ್ನಡ" ಎಂಬ ಪದಕ್ಕೆ ಇಲ್ಲಿ ಐದು, ಅಲ್ಲಿ ಏಳು. "ಕರ್ನಾಟಕ"ಕ್ಕೆ ಇಲ್ಲಿ ಏಳು, ಅಲ್ಲಿ ಒಂಬತ್ತು. ದಿನಕ್ಕೆ ನಾಲ್ಕು ಪುಟ ಬರೆಯುವ ಗುಮಾಸ್ತೆಗೆ ಇದರಿಂದಾಗುವ ಉಳಿತಾಯವೆಷ್ಟೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು.

ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಆಕಾರ, ಅನುಸ್ವಾರ, ಳಕಾರ, ಣಕಾರ, ಇವಕ್ಕೆಲ್ಲ ಶಿಫ್ಟನ್ನು ಹಿಡಿಯಬೇಕಾಗಿರುವುದರಿಂದ ಕಿರುಬೆರಳುಗಳಿಗೆ ಶ್ರಮ ಹೆಚ್ಚು. ಟಕಾರವು ಎಡ ಕಿರುಬೆರಳಿನ ಪಾಲಿಗೆ ಮೇಲಿನ ಮೂಲೆಯಲ್ಲಿದೆ. ಭಾರತ ಸರ್ಕಾರದ ಕಡೆಯಿಂದ ಬಂದ 'ಇನ್‌ಸ್ಕ್ರಿಪ್ಟ್' ಎಂಬ ಇನ್ನೊಂದು ವಿನ್ಯಾಸದಲ್ಲಿ ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ ಹಂಚಿಹೋಗಿವೆ. ಬಲಗೈಯ ನಾಲ್ಕು ಬೆರಳುಗಳ ಕೆಳಗೆ ರ, ಕ, ತ, ಚ ಎಂಬ ವ್ಯಂಜನಗಳಿರುವುದರಿಂದಲೂ, ಇಳಿ, ಗುಡಿಸು, ಕೊಂಬುಗಳು ಎಡಗೈಗೆ ಸುಲಭವಾಗಿ ಸಿಕ್ಕುವುದರಿಂದಲೂ ಎರಡು ಕೈಗಳು ಜೋಡೆತ್ತಿನಂತೆ ಒಂದಾದ ಮೇಲೊಂದು ಹೆಜ್ಜೆಯಿಡುತ್ತವೆ. ಇದನ್ನು ಕಲಿತವನು ತೆಲುಗು, ಹಿಂದೀ, ಬಂಗಾಳಿಗಳನ್ನೂ ಅದೇ ಬೆರಳುಗಳಿಂದ ಬರೆಯಬಲ್ಲನು. ಆದರೆ ದೇವನಾಗರಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಏರ್ಪಾಡಾದ್ದರಿಂದ, ಹಿಂದಿಗೆ ಬೇಡವಾದ ನಮ್ಮ ಹ್ರಸ್ವ ಎತ್ವ ಒತ್ವಗಳಿಗೆ ಸಿಕ್ಕಿದುದು ಮೂಲೆಯ ಜಾಗ! ದೆಹಲಿಯ ಏರ್ಪಾಡುಗಳಲ್ಲಿ ದಕ್ಷಿಣದ ಭಾಷೆಗಳಿಗೆ ಸಿಕ್ಕುವ ಸ್ಥಾನವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು. ಇಷ್ಟಾದರೂ ಎರಡರಲ್ಲಿ ಯಾವುದೊಂದನ್ನು ಹಿಡಿದರೂ ಅಡ್ಡಿಯಿಲ್ಲ. ಹಿಡಿದುದನ್ನು ಬಿಡಬಾರದು, ಅಷ್ಟೆ. ಶಾಲೆಯ ಮಕ್ಕಳಿಗೆ ರಾಜ್ಯವು ಒಪ್ಪಿದ ವಿನ್ಯಾಸವನ್ನೇ ಕಲಿಸುವುದು ಯುಕ್ತವೆಂದು ನಮ್ಮ ಮತ.

ರೋಮನ್ ಅಕ್ಷರಗಳ ಮೂಲಕ ಕನ್ನಡ ಬರೆಯುವ ತಂತ್ರಾಂಶಗಳನ್ನು ನಾವು ಹಳಿಯುತ್ತಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ವು ಪರದೇಶಗಳಲ್ಲಿ ನೆಲೆಸಿದ್ದ ಸಹಸ್ರಾರು ಕನ್ನಡಿಗರನ್ನು ಮರಳಿ ತಾಯ್ನುಡಿಯ ಬರೆವಣಿಗೆಗೆ ಕರೆತಂದಿತು. ಅದೊಂದು ಉಪಕಾರವೇ ಸರಿ. ಆದರೆ ಅಕ್ಷರವನ್ನು ಮೊದಲು ಇಂಗ್ಲೀಷಿನಲ್ಲಿ ಯೋಚಿಸಿ ಬಳಿಕ ಕನ್ನಡವಾಗಿ ಪಡೆಯುವ ಅಭ್ಯಾಸವು ಚಿಕ್ಕಂದಿನಿಂದಲೇ ಬೆರಳಿಗೆ ಅಂಟಿದರೆ, ಆ ಹುಡುಗನಿಗೆ ಳ ಎಂಬುದು ಲಕಾರದ ದೊಡ್ಡಕ್ಷರವಾಗಿ, ಣ ಎಂಬುದು ನಕಾರದ ದೊಡ್ಡಕ್ಷರವಾಗಿ ತೋರುತ್ತದೆಯೇ ಹೊರತು ಸ್ವತಂತ್ರ ವರ್ಣಗಳಾಗಿ ತೋರುವುದಿಲ್ಲ. ಪದ್ಮನಾಭರಾಯರ ವಿನ್ಯಾಸವೂ ಇಂಗ್ಲೀಷಿನ ಕೀಲಿಗಳನ್ನೇ ಆಶ್ರಯಿಸಿದೆಯಲ್ಲವೆ ಎಂದು ಕೇಳಬಹುದು. ಆಶ್ರಯಿಸಿದೆ, ನಿಜ, ಅದರಲ್ಲಿಯೂ ಳ, ಣಗಳಿಗೆ ಶಿಫ್ಟೇ ಬೇಕು. ಆದರೆ ಅಲ್ಲಿ ಒಂದು ಒತ್ತಿಗೆ ಒಂದು ಕನ್ನಡ ವರ್ಣ. ಕಾಗುಣಿತದ ಕ್ರಮವೇ ಬೆರಳಿನ ಕ್ರಮ. ಕಣ್ಣು ಕೀಲಿಯ ಮೇಲಿನ ಇಂಗ್ಲೀಷಕ್ಷರವನ್ನು ನೋಡುವುದನ್ನು ಬಿಟ್ಟ ದಿನವೇ ಅದು ಪೂರ್ಣವಾಗಿ ಕನ್ನಡದ ಕೀಲಿಯಾಗುತ್ತದೆ. ನೋಡದೆ ಒತ್ತುವ ಅಭ್ಯಾಸವು ಇಂಗ್ಲೀಷಿನವನಿಗೆ ವೇಗವನ್ನು ಮಾತ್ರ ಕೊಡುತ್ತದೆ. ಕನ್ನಡಿಗನಿಗೆ ವೇಗದೊಡನೆ ತನ್ನ ಲಿಪಿಯನ್ನೂ ಕೊಡುತ್ತದೆ.

ಇನ್ನು ಕೆಲವರು, ಬಾಯಿಯಿಂದ ಹೇಳಿದರೆ ಯಂತ್ರವೇ ಕನ್ನಡದಲ್ಲಿ ಬರೆದುಕೊಳ್ಳುವ ಈ ಕಾಲದಲ್ಲಿ ಬೆರಳಿನ ಗೊಡವೆಯೇಕೆಂದು ವಾದಿಸುತ್ತಾರೆ. ಹೇಳಿ ಬರೆಯಿಸುವುದು ಹಿಂದೆ ಸಾಹುಕಾರರಿಗೂ ಇತ್ತು. ಅದರಿಂದ ಅಕ್ಷರ ಕಲಿಯುವ ಅಗತ್ಯವೇನೂ ತಪ್ಪಿರಲಿಲ್ಲ. ನಾಲ್ವರು ಕುಳಿತಿರುವ ಕಛೇರಿಯಲ್ಲಿ ಗುಪ್ತ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿ ಹೇಳಲಾದೀತೆ? ವಕೀಲನು ತನ್ನ ವಾದಪತ್ರವನ್ನು ತಿದ್ದುವಾಗ, ಕವಿಯು ಒಂದು ಪದವನ್ನು ಹತ್ತು ಸಲ ಹೊಡೆದುಹಾಕುವಾಗ, ಆ ಕೆಲಸವು ಕೈಯಿಂದಲೇ ನಡೆಯಬೇಕು. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಬರೆಯುವವರ ಚುರುಕನ್ನು ನಾವೂ ಕಂಡು ಬೆರಗಾಗಿದ್ದೇವೆ. ಆದರೆ ಆರು ಪುಟದ ವರದಿಯನ್ನು ಹೆಬ್ಬೆರಳಿನಿಂದ ಬರೆದವರು ನಮಗೆ ಇದುವರೆಗೆ ಸಿಕ್ಕಿಲ್ಲ.

ಕನ್ನಡವು ಆಡಳಿತ ಭಾಷೆಯೆಂದು ನಮ್ಮ ಶಾಸನಸಭೆಯು 1963ರಲ್ಲಿಯೇ ಕಾನೂನು ಮಾಡಿತು. ಅಲ್ಲಿಂದೀಚೆಗೆ ಹೊರಟ ಸುತ್ತೋಲೆಗಳಿಗೆ ಲೆಕ್ಕವಿಲ್ಲ. ಕನ್ನಡದಲ್ಲಿಯೇ ವ್ಯವಹರಿಸಬೇಕೆಂದು ಆಜ್ಞೆ ಮಾಡುವ ಅಧಿಕಾರಿಯ ಬೆರಳಿಗೇ ಕನ್ನಡ ಬಾರದಿದ್ದರೆ ಆ ಆಜ್ಞೆಯ ಗತಿಯೇನು? ಅವನು ಕನ್ನಡವನ್ನು ಮಾತನಾಡುತ್ತಾನೆ, ಓದುತ್ತಾನೆ, ರಾಜ್ಯೋತ್ಸವದ ದಿನ ಭಾಷಣವನ್ನೂ ಮಾಡುತ್ತಾನೆ; ಮೇಜಿಗೆ ಮರಳಿ ಕುಳಿತಾಗ ಮಾತ್ರ ಬೆರಳು ಇಂಗ್ಲೀಷಿನತ್ತ ಓಡುತ್ತದೆ. ಹಿಂದೆ ಅಧಿಕಾರಿಯು ಹೇಳುತ್ತಿದ್ದನು, ಬೆರಳಚ್ಚುಗಾರನು ಬರೆಯುತ್ತಿದ್ದನು. ಈಗ ಪ್ರತಿಯೊಬ್ಬನೂ ತನಗೆ ತಾನೇ ಬೆರಳಚ್ಚುಗಾರ. ರಾಜ್ಯದ ಪರೀಕ್ಷಾ ಮಂಡಳಿಯು ನಡೆಸುವ ಕನ್ನಡ ಬೆರಳಚ್ಚು ಪರೀಕ್ಷೆಗಳಿಗೆ ಕುಳಿತುಕೊಳ್ಳುವವರು ಸಣ್ಣ ಹುದ್ದೆಗಳನ್ನು ಅರಸುವ ಬಡ ಹುಡುಗ ಹುಡುಗಿಯರು. ಇಂಜಿನಿಯರು, ವೈದ್ಯ, ಪ್ರಾಧ್ಯಾಪಕ, ತಹಸೀಲ್ದಾರ ಇವರಿಗೆ ಅದು ತಮ್ಮ ಯೋಗ್ಯತೆಗೆ ಕಡಮೆಯ ವಿದ್ಯೆಯೆಂಬ ಭಾವನೆ. ಕೈಕೆಲಸವನ್ನು ಕೀಳೆಂದು ಬಗೆಯುವ ಈ ಹಳೆಯ ರೋಗವು ಚರಕದ ಕಾಲದಲ್ಲಿಯೂ ನಮ್ಮನ್ನು ಬಿಟ್ಟಿರಲಿಲ್ಲ.

ಕಲಿಯುವ ಬಗೆ ಹೇಗೆಂದು ಕೇಳುವವರು ಸಂಗೀತದ ಮೇಷ್ಟರನ್ನು ಕಾಣಬಹುದು! ಪುರಂದರದಾಸರು ಹಾಕಿಕೊಟ್ಟರೆಂದು ಪ್ರಸಿದ್ಧವಾದ ಸರಳೆ ವರಸೆಗಳನ್ನು ದಾಟದೆ ಯಾರಿಗೂ ಕೃತಿಯನ್ನು ಹೇಳಿಕೊಡುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ. ಮೊದಲ ವಾರ ನಡುಸಾಲಿನ ಅಕ್ಷರಗಳಲ್ಲಿಯೇ ಏರುತ್ತ ಇಳಿಯುತ್ತ ಸಾಧನೆ ಮಾಡಬೇಕು: ಸ, ದ, ಗ, ಹ, ಜ, ಕ, ಲ, ಇವುಗಳಿಂದಾಗುವ ಕದ, ಗಜ, ಜಲ ಮೊದಲಾದ ಪದಗಳು. ಬಳಿಕ ಕೊಂಡಿಯ ಕೀಲಿಯನ್ನು ಸೇರಿಸಿ ಹಗ್ಗ ಮೊದಲಾದ ಪದಗಳಿಗೆ ಹೋಗಬಹುದು. ಅನಂತರ ಮೇಲಿನ ಸಾಲು, ಕಡೆಗೆ ಕೆಳಗಿನ ಸಾಲು. ವೇಗದ ಆಸೆಯನ್ನು ಮೊದಲ ತಿಂಗಳು ಪೂರ್ತಿಯಾಗಿ ಬಿಡಬೇಕು. ತಾಳ ತಪ್ಪದಿರುವುದೇ ಮುಖ್ಯ. ಮಣಿಕಟ್ಟು ಮೇಜಿಗೆ ಒರಗಿರಬಾರದು. ಕೈಗಳ ಮೇಲೊಂದು ವಸ್ತ್ರವನ್ನು ಹೊದಿಸಿಕೊಂಡರೆ ಕಣ್ಣು ತಾನಾಗಿಯೇ ಸೋಲೊಪ್ಪುತ್ತದೆ. ಎರಡನೆಯ ವಾರದಲ್ಲಿ ಮೊದಲಿನ ಎರಡು ಬೆರಳಿನ ವೇಗವೂ ಇಲ್ಲದಂತಾಗಿ ಬೇಸರ ಬರುತ್ತದೆ. ಬಿಟ್ಟುಬಿಡುವವರೆಲ್ಲ ಬಿಡುವುದು ಆಗಲೇ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳು ತಾಳಿದವನಿಗೆ ಆಮೇಲೆ ಯಾರೂ ಹೇಳಬೇಕಾದುದಿಲ್ಲ. ವಯಸ್ಸಿನ ನೆಪವನ್ನೂ ನಾವು ಒಪ್ಪಲಾರೆವು. ಕೀಲಿಯನ್ನು ಒತ್ತಲು ಬೇಕಾದ ಬಲ ಅತ್ಯಲ್ಪ, ಚಾಳೀಸಿನ ಅಗತ್ಯವಂತೂ ಇಲ್ಲವೇ ಇಲ್ಲ.

ಪ್ರೌಢಶಾಲೆಗಳಲ್ಲಿ ಗಣಕಯಂತ್ರಗಳಿವೆ, ಅವುಗಳ ಮುಂದೆ ಮಕ್ಕಳು ಕಲಿಯುವುದು ಚಿತ್ರ ಬಿಡಿಸುವುದನ್ನೂ ಇಂಗ್ಲೀಷಿನ ಹೆಸರುಗಳನ್ನೂ. ಎಂಟನೆಯ ತರಗತಿಯಲ್ಲಿ ವಾರಕ್ಕೆ ಎರಡು ಅವಧಿಗಳನ್ನು ಕನ್ನಡ ಕೀಲಿಮಣೆಗೆ ಕೊಟ್ಟರೆ ವರ್ಷ ತುಂಬುವುದರೊಳಗೆ ಒಂದು ಪೀಳಿಗೆಯ ಕೈ ತಿರುಗೀತು. ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ, ತಂತ್ರಾಂಶಕ್ಕೆ ಹಣವೂ ಬೇಡ. ವಿದ್ಯಾ ಇಲಾಖೆಯವರು ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ.

ಇಲಾಖೆಯ ಪರಿಶೀಲನೆ ಮುಗಿಯುವವರೆಗೆ ಸುಮ್ಮನಿರುವುದು ನಮಗೆ ಸರಿದೋರಲಿಲ್ಲ. ಈ ಪತ್ರಿಕೆಯ ಕಾರ್ಯಾಲಯದ ಐದು ಯಂತ್ರಗಳು ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಿಡುವಾಗಿರುತ್ತವೆ. ಬರುವ ಬೇಸಗೆ ರಜೆಯ ಮೊದಲ ಸೋಮವಾರದಿಂದ ಅವುಗಳನ್ನು ಕಲಿಯಲಿಚ್ಛಿಸುವವರಿಗಾಗಿ ತೆರೆದಿಡಲಾಗುವುದು. ಶುಲ್ಕವಿಲ್ಲ. ಬರುವವರು ತಮ್ಮ ಹೆಸರನ್ನು ಮುಂಚಿತವಾಗಿ ವ್ಯವಸ್ಥಾಪಕರಲ್ಲಿ ಬರೆಯಿಸಿ, ಬರುವಾಗ ಕೈಮೇಲೆ ಹೊದಿಸಿಕೊಳ್ಳಲು ಒಂದು ಟವಲನ್ನು ತರತಕ್ಕದ್ದು.