ಹಲಗೆ ಎದ್ದರೆ ಮೊದಲು ನೀರನ್ನು ಹುಡುಕಿ

ಹಿಂದೂಪುರ, ಕಲ್ಯಾಣದುರ್ಗದ ಕಡೆ ಮನೆಯ ನೆಲವೆಂದರೆ ಬಹುಪಾಲು ಕಲ್ಲೇ. ತಾಡಪತ್ರಿಯ ಬಂಡೆ, ಕಡಪ ಕಲ್ಲು, ಈಚೆಗೆ ಗ್ರಾನೈಟು, ಟೈಲ್ಸು. ಕಲ್ಲನ್ನು ಒಮ್ಮೆ ಹಾಸಿದರೆ ಚಿಂತೆ ಮುಗಿಯಿತು. ಮಹಡಿಯ ಒಂದು ಕೋಣೆಗಾದರೂ ತೇಗದ ನೆಲವಿರಲಿ ಎಂದು ಆಸೆಪಟ್ಟವರು ಮಾತ್ರ ಮೊದಲ ವರ್ಷ ಎಚ್ಚರದಿಂದಿರಬೇಕು.

ಮರ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಬಿಟ್ಟುಕೊಟ್ಟು ಕುಗ್ಗುತ್ತದೆ. ಉದ್ದಕ್ಕೆ ಇದು ಗಮನಕ್ಕೇ ಬಾರದಷ್ಟು, ಅಗಲಕ್ಕೆ ಸಾಕಷ್ಟು. ಸುಮಾರು 100 ಮಿಲಿಮೀಟರ್ ಅಗಲದ ತೇಗದ ಹಲಗೆಯ ತೇವ ಶೇ 4ರಷ್ಟು ಇಳಿದರೆ ಅಗಲ ಮುಕ್ಕಾಲು ಮಿಲಿಮೀಟರ್ ಕಡಿಮೆಯಾಗಬಹುದು. ಒಂದು ಹಲಗೆಗೆ ಅದು ಏನೂ ಅಲ್ಲ, ನಲವತ್ತು ಹಲಗೆಯ ಕೋಣೆಗೆ ಬಹಳ. ಅನಂತಪುರದ ಸೀಮೆಯಲ್ಲಿ ಸೆಪ್ಟೆಂಬರಿನ ಮಳೆಗೂ ಏಪ್ರಿಲ್ಲಿನ ಒಣಬಿಸಿಲಿಗೂ ಅಂತರ ದೊಡ್ಡದು. ಮಳೆಗಾಲದಲ್ಲಿ ಬಿಗಿಯಾಗಿ ಕೂರಿಸಿದ ನೆಲ ಬೇಸಿಗೆಗೆ ಸಂದು ಬಿಡುವುದು ಸಹಜ. ಆ ಸಂದಿಗೆ ಆಗಲೇ ಪುಟ್ಟಿ ತುಂಬಿಸಬೇಡಿ. ಮತ್ತೆ ಮಳೆ ಬಂದಾಗ ಹಲಗೆಗೆ ಹಿಗ್ಗಲು ಜಾಗವಿರದೆ ಪುಟ್ಟಿ ಹೊರಬರುತ್ತದೆ. ಒಂದು ಮಳೆಗಾಲ ಕಳೆದ ಮೇಲೂ ಉಳಿದ ಸಂದಿಗಷ್ಟೇ ಚಿಕಿತ್ಸೆ.

ನಿಜವಾಗಿ ಹೆದರಬೇಕಾದದ್ದು ಹಲಗೆಯ ಅಂಚುಗಳು ಎದ್ದು ನಡು ತಗ್ಗಿದಾಗ. ಅಡಿಭಾಗ ಒದ್ದೆ, ಮೇಲ್ಭಾಗ ಒಣ ಎಂದು ಇದರರ್ಥ. ಹೊಸ ಮನೆಗಳಲ್ಲಿ ತಪ್ಪು ಸಾಮಾನ್ಯವಾಗಿ ಕಾಂಕ್ರೀಟಿನದು. ಕ್ಯೂರಿಂಗ್‌ಗೆ ಸುರಿದ ನೀರು 28 ದಿನಕ್ಕೆ ಆರುವುದಿಲ್ಲ. ನಾಲ್ಕು ಅಂಗುಲದ ಸ್ಲ್ಯಾಬು ಪೂರಾ ಒಣಗಲು ತಿಂಗಳುಗಳೇ ಬೇಕು. ಗೃಹಪ್ರವೇಶದ ಮುಹೂರ್ತ ಅಷ್ಟು ಕಾಯುವುದಿಲ್ಲ, ತೊಂದರೆಯ ಮೂಲ ಹೆಚ್ಚಾಗಿ ಅಲ್ಲೇ ಇರುತ್ತದೆ. ಪರೀಕ್ಷೆಗೆ ಖರ್ಚಿಲ್ಲ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದೆರಡು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ಮರ ತರಬೇಡಿ. ಹನಿ ಕಾಣದಿದ್ದರೂ ತೇವಮಾಪಕ ಇಟ್ಟು ನೋಡಿಸುವುದು ಒಳ್ಳೆಯದು.

ಎದ್ದ ಅಂಚನ್ನು ಕಂಡ ಕೂಡಲೇ ಮೆಷಿನ್ ತರಿಸಿ ಉಜ್ಜಿಸಿಬಿಡುವ ಆತುರವೇ ಎಲ್ಲಕ್ಕಿಂತ ದುಬಾರಿ. ಇಂದು ನೆಲ ಸಮವಾಗುತ್ತದೆ, ನಿಜ. ಆದರೆ ಅಡಿಭಾಗ ಒಣಗಿ ಹಲಗೆ ನೇರವಾದಾಗ, ಉಜ್ಜಿ ತೆಳುವಾದ ಅಂಚುಗಳು ತಗ್ಗಾಗಿ ನಡು ಉಬ್ಬಿ ನಿಲ್ಲುತ್ತದೆ. ಹೋದ ಮರ ಮತ್ತೆ ಬರುವುದಿಲ್ಲ. ಸೋರುವ ಪೈಪು, ಬಚ್ಚಲ ಗೋಡೆಯ ಒಸರು ಇದ್ದರೆ ಮೊದಲು ಅದನ್ನು ನಿಲ್ಲಿಸಿ ತಿಂಗಳುಗಟ್ಟಲೆ ಕಾಯಬೇಕು. ಹೆಚ್ಚಿನ ಹಲಗೆಗಳು ತಾವಾಗಿಯೇ ಕೂರುತ್ತವೆ.

ನಡೆದಾಗ ಕಿರುಗುಟ್ಟಿದರೆ ಮೊಳೆ ಸಡಿಲವಾಗಿದೆ, ಇಲ್ಲವೇ ಅಡಿ ಸಮವಿಲ್ಲ. ನಡುಕೋಣೆಯಲ್ಲಿ ನೆಲವೇ ಗುಡ್ಡದಂತೆ ಎದ್ದರೆ ಗೋಡೆಯ ಬುಡದ ಪಟ್ಟಿ ಬಿಚ್ಚಿ ನೋಡಿ. ಹಲಗೆ ಗೋಡೆಗೆ ಒತ್ತಿಕೊಂಡಿದ್ದರೆ ಕಾರಣ ಸಿಕ್ಕಿತು. ಅಲ್ಲಿ ಅರ್ಧ ಅಂಗುಲವಾದರೂ ಖಾಲಿ ಇರಬೇಕು.

ಮರದ ಬಗ್ಗೆಯೇ ಅನುಮಾನವಿದ್ದವರಿಗೆ ಬೆಂಗಳೂರು ದೂರವಲ್ಲ, ಹಿಂದೂಪುರದಿಂದ ರೈಲಿದೆ. ಮೈಸೂರು ಸಂಸ್ಥಾನ 1938ರಲ್ಲಿ ಆರಂಭಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ 1988ರಲ್ಲಿ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಕೊಂಡದ್ದು ತೇಗವೋ ತೇಗದ ಹೆಸರಿನ ಬೇರೆ ಮರವೋ ಎಂದು ತುಂಡು ನೋಡಿ ಹೇಳುವ ಪರಿಣತಿ ಅಲ್ಲಿದೆ. ಮರದ ತೇವ ಎಷ್ಟಿರಬೇಕೆಂಬುದಕ್ಕೆ ಭಾರತೀಯ ಮಾನಕ ಐಎಸ್ 287 ದೇಶವನ್ನು ಗಾಳಿಯ ಆರ್ದ್ರತೆಯ ಮೇಲೆ ನಾಲ್ಕು ವಲಯ ಮಾಡಿದೆ. ಕರಾವಳಿಯ ಡಿಪೋದಲ್ಲಿ ಹದವಾಗಿದ್ದ ಹಲಗೆ ಕಲ್ಯಾಣದುರ್ಗಕ್ಕೆ ಒದ್ದೆಯೇ. ಆದ್ದರಿಂದ ಲಾರಿಯಿಂದ ಇಳಿಸಿದ ದಿನವೇ ಮೊಳೆ ಹೊಡೆಯಲು ಬಿಡಬೇಡಿ. ನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವಂತೆ ಅದೇ ಕೋಣೆಯಲ್ಲಿ ಜೋಡಿಸಿಡಿಸಿ. ಎರಡು ವಾರ ಬಿಟ್ಟು ತೇವ ಅಳೆಸಿ, ಅಂಕಿ ಇಳಿಯುತ್ತಲೇ ಇದ್ದರೆ ಇನ್ನೂ ಕಾಯಿರಿ.