ಹೊಗೆಗೂ ಒಂದು ಖಾತೆ

ಕಂಪೆನಿಯೊಂದರ ವಾರ್ಷಿಕ ವರದಿ ತೆರೆದರೆ ಲಾಭ-ನಷ್ಟ, ಸಾಲ-ಆಸ್ತಿಗಳ ಲೆಕ್ಕ ಕಾಣುವುದು ಹಳೆಯ ವಾಡಿಕೆ. ಕೊಂಡ ಕಲ್ಲಿದ್ದಲಿನ ಬೆಲೆಯೂ ಅದರಲ್ಲಿ ಖರ್ಚಿನ ಬಾಬತ್ತಿನಲ್ಲಿ ಸೇರಿರುತ್ತದೆ. ಆದರೆ ಅದೇ ಕಲ್ಲಿದ್ದಲು ಉರಿದು ಚಿಮಣಿಯಿಂದ ಹೊರಬಿದ್ದ ಅನಿಲಕ್ಕೆ ಬಹುಕಾಲ ಯಾವ ಖಾತೆಯೂ ಇರಲಿಲ್ಲ. ಈಗ ಭಾರತದ ಷೇರುಪೇಟೆಯ ಒಂದು ಸಾವಿರ ದೊಡ್ಡ ಕಂಪೆನಿಗಳು ಆ ಲೆಕ್ಕವನ್ನೂ ಪ್ರತಿವರ್ಷ ಒಪ್ಪಿಸಬೇಕು. ಜಗತ್ತಿನಲ್ಲಿ ಇಂಥ ಕಟ್ಟಳೆಗಳು ಬೆಳೆದು ಬಂದ ದಾರಿಯಲ್ಲಿ ಒಂದು ಮುಖ್ಯ ತಿರುವು ನಮ್ಮ ಭೋಪಾಲ.

1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಸೋರಿ ಸಾವಿರಾರು ಮಂದಿ ಸತ್ತರು. ಗೋಡೆಯಾಚೆಯ ಬಸ್ತಿಗಳಲ್ಲಿ ಮಲಗಿದ್ದವರಿಗೆ ಒಳಗೆ ಏನನ್ನು ಕೂಡಿಟ್ಟಿದ್ದಾರೆಂದು ತಿಳಿದಿರಲಿಲ್ಲ. ಯಾವ ವಿಷಕ್ಕೆ ಮದ್ದು ಕೊಡಬೇಕೆಂಬುದು ಆಸ್ಪತ್ರೆಯ ವೈದ್ಯರಿಗೂ ಗೊತ್ತಿರಲಿಲ್ಲ. ಮರುವರ್ಷ ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿದ್ದ ಅದೇ ಕಂಪೆನಿಯ ಕಾರ್ಖಾನೆಯಲ್ಲೂ ವಿಷಾನಿಲ ಸೋರಿದಾಗ ಅಲ್ಲಿನ ಜನ ಎಚ್ಚೆತ್ತರು. 1986ರಲ್ಲಿ ಅಮೆರಿಕದ ಕಾಂಗ್ರೆಸ್ ಸಮುದಾಯದ ‘ತಿಳಿಯುವ ಹಕ್ಕಿನ’ ಕಾಯಿದೆಯನ್ನು ಅಂಗೀಕರಿಸಿತು.

ಈ ಕಾಯಿದೆ ಯಾವ ಕಾರ್ಖಾನೆಗೂ ಹೊಗೆಯ ಮಿತಿ ಹಾಕಲಿಲ್ಲ, ದಂಡ ಕಟ್ಟಿ ಎನ್ನಲಿಲ್ಲ. ಗೊತ್ತುಪಡಿಸಿದ ವಿಷವಸ್ತುಗಳಲ್ಲಿ ವರ್ಷಕ್ಕೆ ಎಷ್ಟನ್ನು ಗಾಳಿಗೆ, ನೀರಿಗೆ, ನೆಲಕ್ಕೆ ಬಿಟ್ಟಿರಿ ಎಂಬುದನ್ನು ಕಾರ್ಖಾನೆವಾರು ಬರೆದು ಕೊಡಿ ಎಂದಿತು, ಅಷ್ಟೆ. ಆ ಪಟ್ಟಿ ಸಾರ್ವಜನಿಕರ ಕೈಗೆ ಸಿಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮೊದಲ ಲೆಕ್ಕ ಸಿದ್ಧವಾಗುತ್ತಿದ್ದ ಹಾಗೆಯೇ ರಾಸಾಯನಿಕ ಕಂಪೆನಿಯಾದ ಮೊನ್ಸಾಂಟೊ, ತಾನು ಗಾಳಿಗೆ ಬಿಡುವ ವಿಷವನ್ನು 1992ರ ಹೊತ್ತಿಗೆ ಶೇಕಡ 90ರಷ್ಟು ಇಳಿಸುವುದಾಗಿ 1988ರಲ್ಲಿ ಸಾರಿತು.

ಭಾರತದಲ್ಲಿ 1992ರಲ್ಲಿ ಕಾರ್ಖಾನೆಗಳು ಪ್ರತಿವರ್ಷ ಪರಿಸರ ವರದಿಯೊಂದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಬೇಕೆಂಬ ನಿಯಮ ಬಂತು. ಅದನ್ನು ನೆರೆಹೊರೆಯವರಿಗೂ ತಲುಪಿಸಬೇಕೆಂಬ ಮಾತು ಅದರಲ್ಲಿರಲಿಲ್ಲ.

ಇಂಗಾಲದ ಡೈ ಆಕ್ಸೈಡ್ ವಿಷಯ ಇನ್ನೂ ತೊಡಕಿನದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಬಿಟ್ಟವರು ಒಂದು ಕಡೆ, ಬಿಸಿ ತಟ್ಟುವುದು ಇಡೀ ಭೂಮಿಗೆ. ಇದನ್ನು ಯಾರ ಹೆಸರಿಗೆ ಬರೆಯಬೇಕು? 2001ರಲ್ಲಿ ಹೊರಬಂದ ಹಸಿರುಮನೆ ಅನಿಲಗಳ ಲೆಕ್ಕಪದ್ಧತಿಯೊಂದು ಮೂರು ವ್ಯಾಪ್ತಿಗಳನ್ನು ಗುರುತಿಸಿತು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದನ್ನು ತೆಗೆದುಕೊಳ್ಳಿ. ಅದರ ಬಾಯ್ಲರು, ಡೀಸೆಲ್ ಜನರೇಟರುಗಳ ಹೊಗೆ ಮೊದಲ ವ್ಯಾಪ್ತಿ. ಅದು ಕೊಳ್ಳುವ ವಿದ್ಯುತ್ತನ್ನು ಉತ್ಪಾದಿಸುವಾಗ ಬೇರೆಲ್ಲೋ ಎದ್ದ ಹೊಗೆ ಎರಡನೆಯದು. ಹತ್ತಿ ಬೆಳೆಯುವುದು, ಬಟ್ಟೆಗೆ ಬಣ್ಣ ಹಾಕುವುದು, ಹಡಗಿನಲ್ಲಿ ಸಾಗಿಸುವುದು ಇವೆಲ್ಲ ಮೂರನೆಯದು. ಅನೇಕ ಉದ್ಯಮಗಳಲ್ಲಿ ಅತಿ ದೊಡ್ಡ ಮೊತ್ತ ಇರುವುದು ಈ ಮೂರನೆಯ ವ್ಯಾಪ್ತಿಯಲ್ಲೇ.

ಭಾರತದ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2012ರಲ್ಲಿ ನೂರು ದೊಡ್ಡ ಕಂಪೆನಿಗಳಿಂದ ಹೊಣೆಗಾರಿಕೆಯ ವರದಿ ಕೇಳತೊಡಗಿತು. 2021ರಲ್ಲಿ ಇದಕ್ಕೆ ಸುಸ್ಥಿರತೆಯನ್ನೂ ಸೇರಿಸಿ ವಿಸ್ತಾರವಾದ ಹೊಸ ನಮೂನೆ ರೂಪಿಸಿತು. 2022-23ರಿಂದ ಸಾವಿರ ಕಂಪೆನಿಗಳಿಗೆ ಅದು ಕಡ್ಡಾಯವಾಯಿತು. ಇದರಲ್ಲಿ ಮೊದಲೆರಡು ವ್ಯಾಪ್ತಿಗಳ ಲೆಕ್ಕ ಕೊಡಲೇಬೇಕು, ಮೂರನೆಯದು ಇಷ್ಟವಿದ್ದವರಿಗೆ. ಮುಖ್ಯ ಅಂಕಿಗಳನ್ನು ಹೊರಗಿನ ಪರಿಶೋಧಕರು ತಾಳೆ ನೋಡಬೇಕೆಂಬ ನಿಯಮವನ್ನು 2023ರಲ್ಲಿ ತಂದು, 150 ಕಂಪೆನಿಗಳಿಂದ ಆರಂಭಿಸಿತು.

ಅಂಕಿ ಸರಿಯಿದ್ದರೂ ಅದನ್ನು ಓದುವ ಬಗೆ ತಿಳಿದಿರಬೇಕು. ನೂರು ಕೋಟಿ ರೂಪಾಯಿ ವಹಿವಾಟಿನ ಕಂಪೆನಿಯೊಂದು ವರ್ಷಕ್ಕೆ 10,000 ಟನ್ ಅನಿಲ ಬಿಡುತ್ತದೆ ಎನ್ನೋಣ. ಕೋಟಿಗೆ ನೂರು ಟನ್ ಆಯಿತು. ಮರುವರ್ಷ ವಹಿವಾಟು 130 ಕೋಟಿಗೆ, ಅನಿಲ 12,000 ಟನ್ನಿಗೆ ಏರಿದರೆ ಕೋಟಿಯೊಂದಕ್ಕೆ ಸುಮಾರು 92 ಟನ್. ‘ಮಾಲಿನ್ಯದ ತೀವ್ರತೆ ಶೇಕಡ 8ರಷ್ಟು ಇಳಿದಿದೆ’ ಎಂದು ಕಂಪೆನಿ ಹೇಳಿದರೆ ಅದು ಸುಳ್ಳಲ್ಲ. ಆದರೆ ಆಕಾಶಕ್ಕೆ ಸೇರಿದ ಅನಿಲ ಶೇಕಡ 20ರಷ್ಟು ಹೆಚ್ಚಿದೆ! ಭೂಮಿಯ ಬಿಸಿಗೆ ಸಂಬಂಧಪಟ್ಟದ್ದು ಈ ಎರಡನೆಯ ಅಂಕಿ.

ಇನ್ನು ಮೂರನೆಯ ವ್ಯಾಪ್ತಿಗೆ ಬಂದರೆ, ಅದರ ಭಾರ ಬೀಳುವುದು ಸಣ್ಣವರ ಹೆಗಲಿಗೆ. ದೊಡ್ಡ ಕಂಪೆನಿಗೆ ಬಿಡಿಭಾಗ ಒದಗಿಸುವ ಪೀಣ್ಯದ ಸಣ್ಣ ವರ್ಕ್‌ಷಾಪಿನ ಮಾಲೀಕ ವಿದ್ಯುತ್ ಬಿಲ್ಲಿನ ಜೊತೆಗೆ ಇಂಗಾಲದ ಲೆಕ್ಕವನ್ನೂ ಇಡಬೇಕಾಗುತ್ತದೆ. ಅದಕ್ಕೆ ಬೇಕಾದ ಗುಮಾಸ್ತ ಅವನಲ್ಲಿರುವುದಿಲ್ಲ. ಪೂರೈಕೆದಾರರ ವಿವರ ಕೊಡುವುದನ್ನು ಸೆಬಿ 2024ರ ಡಿಸೆಂಬರ್‌ನಲ್ಲಿ ಐಚ್ಛಿಕಗೊಳಿಸಿತು.

ಹಿಂಜರಿಕೆ ಬೇರೆಡೆಯೂ ಕಂಡಿದೆ. ಐರೋಪ್ಯ ಒಕ್ಕೂಟ 2022ರಲ್ಲಿ ತಂದ ವಿಸ್ತಾರವಾದ ಕಟ್ಟಳೆಯನ್ನು ಬಹಳಷ್ಟು ಮೊಟಕುಗೊಳಿಸುವ ಸಲಹೆ 2025ರ ಫೆಬ್ರುವರಿಯಲ್ಲಿ ಅದರದೇ ಆಯೋಗದಿಂದ ಬಂತು. ಅಮೆರಿಕದ ಷೇರು ನಿಯಂತ್ರಣ ಆಯೋಗ 2024ರ ಮಾರ್ಚ್‌ನಲ್ಲಿ ಹೊರಡಿಸಿದ ನಿಯಮವನ್ನು ತಿಂಗಳೊಪ್ಪತ್ತಿನಲ್ಲಿ ತಾನೇ ತಡೆಹಿಡಿಯಿತು. 2025ರ ಮಾರ್ಚ್‌ನಲ್ಲಿ ನ್ಯಾಯಾಲಯದಲ್ಲಿ ಅದನ್ನು ಸಮರ್ಥಿಸುವುದನ್ನೂ ಕೈಬಿಟ್ಟಿತು. ಖರ್ಚು ಹೆಚ್ಚು, ಪೈಪೋಟಿಗೆ ಅಡ್ಡಿ ಎಂಬುದು ಉದ್ಯಮಗಳ ದೂರು.

ಈ ವರದಿಗಳ ಓದುಗರು ಯಾರು ಎಂಬ ಪ್ರಶ್ನೆ ಈ ಗದ್ದಲದಲ್ಲಿ ಹಿಂದೆ ಸರಿದಿದೆ. 1986ರ ಅಮೆರಿಕದ ಕಾಯಿದೆ ಬರೆದದ್ದು ಕಾರ್ಖಾನೆಯ ಗೋಡೆಯಾಚೆ ಬದುಕುವವರಿಗಾಗಿ. ಅವರು ತಮ್ಮ ಊರಿನ ಚಿಮಣಿಯ ಹೆಸರು ಹುಡುಕಿ ಅಂಕಿ ಓದಬಹುದಿತ್ತು. ಸೆಬಿಯ ವರದಿ ಮುಖ್ಯವಾಗಿ ಹಣ ಹೂಡುವವರಿಗಾಗಿ. ಅದರಲ್ಲಿರುವುದು ಇಡೀ ಕಂಪೆನಿಯ ಒಟ್ಟು ಮೊತ್ತ. ಐದಾರು ರಾಜ್ಯಗಳಲ್ಲಿ ಹರಡಿದ ಹತ್ತು ಕಾರ್ಖಾನೆಗಳ ಹೊಗೆ ಅಲ್ಲಿ ಒಂದೇ ಸಾಲಿನಲ್ಲಿ ಕೂಡಿಹೋಗಿರುತ್ತದೆ. ಷೇರುದಾರನಿಗೆ ಅಷ್ಟು ಸಾಕಾಗಬಹುದು. ತನ್ನ ಮನೆಯ ಹಿತ್ತಿಲಿಗೆ ಬೀಳುವ ಬೂದಿ ಎಷ್ಟೆಂದು ತಿಳಿಯಬಯಸುವವನು ಈ ವರದಿ ಮುಚ್ಚಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಬರೆಯಬೇಕಾಗುತ್ತದೆ.