ಎಲೆ ಉದುರಿದ ಗುರುತು

ಹೊರದೇಶದಿಂದ ವಿಮಾನದಲ್ಲಿ ಮುಂಬೈಗೆ ಬರುವ ಸರಕು ಇಳಿಯುವುದು ಅಂಧೇರಿ ಪೂರ್ವದ ಸಹಾರ್ ಏರ್ ಕಾರ್ಗೋ ಕಾಂಪ್ಲೆಕ್ಸಿನಲ್ಲಿ. ಅಲ್ಲಿನ ರಾಶಿಯೊಳಗಿನ ಯಾವುದೋ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಐಸ್ ಪ್ಯಾಕುಗಳ ನಡುವೆ, ಕಿರುಬೆರಳಿಗಿಂತ ಚಿಕ್ಕ ಸೀಸೆಯೊಂದಿರಬಹುದು. ಒಳಗಿರುವುದು ಪ್ರತಿಕಾಯದ (ಆಂಟಿಬಾಡಿ) 100 ಮೈಕ್ರೋಲೀಟರ್ ದ್ರವ, ಅಂದರೆ ಎರಡು ಹನಿಯಷ್ಟು. ಪರೇಲಿನಲ್ಲೋ ಖಾರ್ಘರಿನಲ್ಲೋ ಅದಕ್ಕಾಗಿ ಕಾಯುವ ಸಂಶೋಧಕರಿಗೆ ಪೆಟ್ಟಿಗೆ ಗೋದಾಮಿನಲ್ಲಿ ಕಳೆಯುವ ಒಂದೊಂದು ದಿನವೂ ಆತಂಕವೇ. ಪ್ರತಿಕಾಯವೂ ಒಂದು ಪ್ರೋಟೀನು, ಸೆಕೆಗೆ ಕೆಡುತ್ತದೆ.

ಈ ಎರಡು ಹನಿ ಬೇಕಾಗಿರುವುದು ಸಾಯುತ್ತಿರುವ ಜೀವಕೋಶವನ್ನು ಗುರುತಿಸಲು.

ಸುಟ್ಟು, ಜಜ್ಜಿ ಕೋಶ ಸಾಯುವುದು ಒಂದು ಬಗೆ. ತನ್ನನ್ನು ತಾನೇ ಕ್ರಮವಾಗಿ ಕಳಚಿಕೊಂಡು ಸಾಯುವುದು ಇನ್ನೊಂದು. ಈ ಎರಡನೆಯದಕ್ಕೆ 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದಕ್ಕೆ ಗ್ರೀಕ್ ಭಾಷೆಯಲ್ಲಿರುವ ಮಾತದು. ತಾಯಿಯ ಹೊಟ್ಟೆಯಲ್ಲಿ ನಮ್ಮ ಬೆರಳುಗಳು ಬಿಡಿಬಿಡಿಯಾದದ್ದು ನಡುವಿನ ಕೋಶಗಳು ಹೀಗೆ ಉದುರಿದ್ದರಿಂದಲೇ. ಕ್ಯಾನ್ಸರ್ ಕೋಶ ಉದುರಲು ಒಪ್ಪುವುದಿಲ್ಲ. ಅದನ್ನು ಉದುರಿಸುವ ಮದ್ದಿನ ಹುಡುಕಾಟ ಮುಂಬೈಗೆ ಹಳೆಯದು: ಪರೇಲಿನಲ್ಲಿ 1952ರಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಶುರುವಾಯಿತು, 1960ರ ದಶಕದಲ್ಲಿ ಕಮಲ್ ರಣದಿವೆ ಅಲ್ಲಿ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ಪ್ರಯೋಗಾಲಯ ಕಟ್ಟಿದರು. ಆ ಪರಂಪರೆಯೇ ಇಂದು ಖಾರ್ಘರಿನ ಆಕ್ಟ್ರೆಕ್ ಸಂಸ್ಥೆಯಲ್ಲಿ ಮುಂದುವರಿದಿದೆ.

ಕೋಶವನ್ನು ಕಳಚುವ ಕೆಲಸದ ಮುಖ್ಯ ಆಳು ಕ್ಯಾಸ್ಪೇಸ್-3 ಎಂಬ ಕಿಣ್ವ. ಆರೋಗ್ಯವಂತ ಕೋಶದಲ್ಲೂ ಅದು ಇದ್ದೇ ಇರುತ್ತದೆ, ಆದರೆ 277 ಅಮೈನೋ ಆಮ್ಲಗಳ ಅಖಂಡ ಸರವಾಗಿ, ಸುಮ್ಮನೆ. ಸಾಯುವ ಆಜ್ಞೆ ಬಂದಾಗ ಇನ್ನೊಂದು ಕಿಣ್ವ ಆ ಸರವನ್ನು 175ನೆಯ ಕೊಂಡಿಯಾದ ಆಸ್ಪಾರ್ಟಿಕ್ ಆಮ್ಲದ ಬಳಿ ಕಡಿಯುತ್ತದೆ. ಆಗ ಅದಕ್ಕೆ ಜೀವ ಬರುತ್ತದೆ. ಹಾಗಾಗಿ ‘ಕ್ಯಾಸ್ಪೇಸ್-3 ಇದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ, ‘ಕಡಿದಿದೆಯೇ’ ಎಂದು ಕೇಳಬೇಕು.

ಪ್ರತಿಕಾಯದ ಸೊಗಸು ಇರುವುದು ಇಲ್ಲಿ. ಎಲೆ ಉದುರಿದ ಮೇಲೆ ಕೊಂಬೆಯಲ್ಲಿ ಒಂದು ಗುರುತು ಉಳಿಯುತ್ತದಲ್ಲ, ಎಲೆಯಿದ್ದಾಗ ಆ ಗುರುತು ಕಾಣುವುದೇ ಇಲ್ಲ. ಕಡಿದ ಸರಕ್ಕೂ ಅಂಥದೇ ಹೊಸ ತುದಿ. ಆ ತುದಿಯನ್ನಷ್ಟೇ ಹೋಲುವ ಚಿಕ್ಕ ತುಣುಕನ್ನು ಕೃತಕವಾಗಿ ತಯಾರಿಸಿ ಮೊಲಕ್ಕೆ ಚುಚ್ಚುತ್ತಾರೆ. ಮೊಲದ ರಕ್ತ ಅದಕ್ಕೆ ಎದುರಾಗಿ ಪ್ರತಿಕಾಯ ಹುಟ್ಟಿಸುತ್ತದೆ. ಕುದುರೆಗೆ ಹಾವಿನ ವಿಷ ಕೊಟ್ಟು ಪ್ರತಿವಿಷ ಪಡೆಯುವುದೂ ಇದೇ ತತ್ತ್ವದಿಂದ. ಪರೇಲಿನ ಹಾಫ್‌ಕಿನ್ ಸಂಸ್ಥೆಯಿಂದಾಗಿ ಮುಂಬೈಗೆ ಅದು ಚೆನ್ನಾಗಿ ಗೊತ್ತು. ಹೀಗೆ ಬಂದ ಪ್ರತಿಕಾಯ ಅಖಂಡ ಕ್ಯಾಸ್ಪೇಸನ್ನು ಮುಟ್ಟದೆ ಕಡಿದದ್ದಕ್ಕೆ ಮಾತ್ರ ಅಂಟಿಕೊಳ್ಳುತ್ತದೆ.

ಬಳಸುವ ವಿಧಾನ ವೆಸ್ಟರ್ನ್ ಬ್ಲಾಟ್. ಕೋಶಗಳನ್ನು ಒಡೆದು, ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ತೆಳ್ಳಗಿನ ಪೊರೆಗೆ ಇಳಿಸುತ್ತಾರೆ. ಪ್ರತಿಕಾಯ ಕಂಡಕಂಡಲ್ಲಿ ಅಂಟದಂತೆ ಪೊರೆಯನ್ನು ಮೊದಲು ಹಾಲಿನ ಪುಡಿಯ ದ್ರಾವಣದಲ್ಲಿ ನೆನೆಸಿಡುತ್ತಾರೆ. ಸಾವಿರಕ್ಕೆ ಒಂದು ಪಾಲಿನಂತೆ ತೆಳುಗೊಳಿಸಿ ಹಾಕಿದರೆ ಎರಡು ಹನಿ ಸುಮಾರು ಹತ್ತು ಪ್ರಯೋಗಗಳಿಗೆ ಸಾಕು. ಕೋಶ ಸಾಯುತ್ತಿದ್ದರೆ 17 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಎತ್ತರದಲ್ಲಿ ಪಟ್ಟಿ ಮೂಡುತ್ತದೆ.

ಆದರೆ ಪಟ್ಟಿ ಮೂಡಿದೊಡನೆ ಹಿಗ್ಗುವುದು ನನ್ನ ಮಟ್ಟಿಗೆ ಅವಸರ. ಒಂದು ಪ್ರತಿಕಾಯ ಬೇರಾವುದೋ ಪ್ರೋಟೀನಿಗೂ ಅಂಟಬಹುದು. ಸ್ನಾಯುಕೋಶ ಬೆಳೆದು ಪಕ್ವವಾಗುವಾಗಲೂ ಕ್ಯಾಸ್ಪೇಸ್-3 ಚುರುಕಾಗುತ್ತದೆ, ಅಲ್ಲಿ ಸಾವಿಲ್ಲ. ಅದಕ್ಕೇ ಈ ಕಿಣ್ವ ಕಡಿದು ಹಾಕುವ ಪಾರ್ಪ್ ಎಂಬ ಪ್ರೋಟೀನನ್ನೂ ನೋಡುತ್ತಾರೆ: 116 ಕಿಲೋಡಾಲ್ಟನ್‌ನದು 89ಕ್ಕೆ ಇಳಿದಿದೆಯೇ?

ಪ್ರತಿಕಾಯಕ್ಕೆ ಇನ್ನೂ ಗಟ್ಟಿ ಪರೀಕ್ಷೆಯೊಂದಿದೆ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳು ಜಗತ್ತಿನ ಬಹಳಷ್ಟು ಪ್ರಯೋಗಾಲಯಗಳಲ್ಲಿವೆ. ಅವುಗಳ ಕ್ಯಾಸ್ಪೇಸ್-3 ಜೀನಿನಲ್ಲಿ ಒಂದು ತುಂಡೇ ಕಾಣೆ, ಹಾಗಾಗಿ ಆ ಪ್ರೋಟೀನು ತಯಾರಾಗುವುದಿಲ್ಲ. ಮದ್ದು ಹಾಕಿದರೆ ಅವು ಬೇರೆ ದಾರಿಯಲ್ಲಿ ಸಾಯುತ್ತವೆ. ಒಳ್ಳೆಯ ಪ್ರತಿಕಾಯ ಕೈಲಿದ್ದರೆ, ಎಂಸಿಎಫ್-7ರ ಸಾಲಿನಲ್ಲಿ, ಪ್ರೋಟೀನು ಸರಿಯಾಗಿ ಇಳಿದಿದೆಯೆಂದು ಖಾತ್ರಿಪಡಿಸಲು ಬೇರೆಯಾಗಿ ನೋಡುವ ಆಕ್ಟಿನ್ ಎಂಬ ಪ್ರೋಟೀನಿನ ಪಟ್ಟಿ 42ರಲ್ಲಿ ದಟ್ಟವಾಗಿ ನಿಂತಿರುತ್ತದೆ. 17ರ ಜಾಗ ಬರಿದಾಗಿರುತ್ತದೆ.